ಮಂತ್ರದ ಬೆಲೆ ಯಾರು ತೆರಬೇಕು?

ಎರಡು ವರ್ಷದ ಹಿಂದೆ ನಾನು ಹನ್ನೊಂದು ಪುಟಗಳ ಒಂದು ಕಾನೂನು ಪುಸ್ತಕ ಬರೆದೆ. ಅದನ್ನು ಓದಬೇಕಾಗಿದ್ದವರು ನಾಲ್ಕೇ ಜನ: ಭಾನುವಾರ ಸಂಜೆ ನಮ್ಮ ಮನೆಯ ಊಟದ ಮೇಜಿನ ಸುತ್ತ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ಗೆಳೆಯರು. ಯಾವ ಮಂತ್ರ ಇರಬಾರದು, ಯಾವ ಬಗೆಯ ಪಾತ್ರವನ್ನು ಆರಿಸಿಕೊಳ್ಳುವಂತಿಲ್ಲ, ಗಾಯ ವಾಸಿಯಾಗಲು ಎಷ್ಟು ದಿನ ಬೇಕು ಎಂಬುದನ್ನೆಲ್ಲ ನಂಬರು ಹಾಕಿ ಬರೆದಿದ್ದೆ. ಮೂರನೆಯ ಭಾನುವಾರ ಆಟ ನಿಂತುಹೋಯಿತು. ನಿಲ್ಲಿಸಿದ್ದು ಒಂದು ಮಾತು. "ನೀನು ಮಂತ್ರ ಕಡಿಮೆ ಮಾಡಿಲ್ಲ ಮಾರಾಯ. ನಮ್ಮ ಹತ್ರ ಇದ್ದದ್ದನ್ನ ಕಿತ್ಕೊಂಡು ನಿನ್ನ ಹತ್ರ ಇಟ್ಕೊಂಡಿದೀಯ" ಅಂದಳು, ವೈದ್ಯೆಯ ಪಾತ್ರ ಆಡುತ್ತಿದ್ದ ಗೆಳತಿ.

ಆ ದಿನ ನನಗೆ ಸಿಟ್ಟು ಬಂದಿತ್ತು. ಆಮೇಲೆ ನಾಲ್ಕು ತಿಂಗಳು ಯಾರೂ ಮೇಜಿಗೆ ಬರಲಿಲ್ಲ. ಆ ಬಿಡುವಿನಲ್ಲಿ ಹಳೆಯ ನಿಯಮಪುಸ್ತಕಗಳನ್ನೂ ಅವುಗಳ ಹಿಂದಿರುವ ಕಥೆ ಕಾದಂಬರಿಗಳನ್ನೂ ಮತ್ತೆ ತೆಗೆದು ಓದಿದೆ. ಓದುತ್ತ ಹೋದಂತೆ, ಅವಳು ಹೇಳಿದ್ದು ನನ್ನ ಮೇಜಿಗಷ್ಟೇ ಅಲ್ಲ, ಮಂತ್ರ ವಿರಳವಾದ ಲೋಕವನ್ನು ಕಟ್ಟಲು ಹೊರಟ ಹಲವು ಆಟಗಳಿಗೂ ಅನ್ವಯಿಸುತ್ತದೆ ಅನ್ನಿಸಿತು. ಈ ಲೇಖನ ಅವಳಿಗೆ ನಾನು ಅಂದೇ ಕೊಡಬೇಕಾಗಿದ್ದ ಉತ್ತರ.

ಆಡದವರಿಗಾಗಿ ಮೊದಲು ಎರಡು ಮಾತು. ಇದು ಮಾತಿನಲ್ಲೇ ನಡೆಯುವ ಆಟ. ಒಬ್ಬರು ಲೋಕವನ್ನು ವಿವರಿಸುತ್ತಾರೆ. ಅವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಇಲ್ಲಿ ಬರೀ ಮಾಸ್ಟರ್ ಎನ್ನುತ್ತೇನೆ. ಉಳಿದವರು ತಲಾ ಒಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆ ಎಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಆ ಸಂಜೆ ಮುಗಿಯದ ಕಥೆ ಮುಂದಿನ ವಾರಕ್ಕೆ ಹೋಗುತ್ತದೆ. ಕೆಲವು ಕಥೆಗಳು ವರ್ಷಗಟ್ಟಲೆ ನಡೆಯುತ್ತವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಮೊದಲ ಆಟ 1974ರಲ್ಲಿ ಅಮೆರಿಕದ ಲೇಕ್ ಜಿನೀವಾ ಎಂಬ ಊರಿನಿಂದ ಪ್ರಕಟವಾಯಿತು. ಅಚ್ಚಾದ ನಿಯಮವನ್ನು ತಮ್ಮ ಮೇಜಿಗೆ ತಕ್ಕಂತೆ ತಿದ್ದಿಕೊಳ್ಳುವುದು ಅಂದಿನಿಂದಲೂ ಇರುವ ರೂಢಿ. ಅದಕ್ಕೆ ಹೌಸ್ ರೂಲ್ ಅನ್ನುತ್ತಾರೆ, ಮನೆ ನಿಯಮ. ನಮಗಿದು ಹೊಸದೇನಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ಚೌಕಾಬಾರದ ನಿಯಮ ಒಂದು ಮನೆಯಲ್ಲಿದ್ದರೆ ಪಕ್ಕದ ಮನೆಯಲ್ಲಿರುವುದಿಲ್ಲ. ಬೇಸಿಗೆ ರಜೆಯಲ್ಲಿ ನೆಂಟರ ಮಕ್ಕಳು ಸೇರಿದಾಗ ಮೊದಲ ಅರ್ಧ ಗಂಟೆ ಕವಡೆ ಬೀಳುವುದಿಲ್ಲ, ಜಗಳವೇ ಬೀಳುತ್ತದೆ.

*

ಮಂತ್ರವನ್ನು ವಿರಳಗೊಳಿಸಬೇಕು ಅಂತ ಅನ್ನಿಸುವುದೇಕೆ? 2014ರಲ್ಲಿ ಬಂದ ಐದನೆಯ ಆವೃತ್ತಿಯ ಪುಸ್ತಕವನ್ನು ಸಾಹಿತ್ಯದ ವಿದ್ಯಾರ್ಥಿಯ ಕಣ್ಣಿನಿಂದ ಓದಿದರೆ ಕಾರಣ ತಿಳಿಯುತ್ತದೆ. ಅದರಲ್ಲಿ ಗುಡ್‌ಬೆರಿ ಎಂಬ ಮಂತ್ರವಿದೆ. ಮೊದಲ ಮಟ್ಟದ್ದು, ಎಳಸು ಪಾತ್ರಕ್ಕೂ ಸಿಗುವಂಥದ್ದು. ಅದು ಹತ್ತು ಹಣ್ಣು ಹುಟ್ಟಿಸುತ್ತದೆ. ಒಂದು ಹಣ್ಣು ತಿಂದರೆ ಒಬ್ಬರಿಗೆ ಒಂದು ದಿನದ ಆಹಾರ. ಇನ್ನು ಲೈಟ್ ಎಂಬುದು ಎಷ್ಟು ಸಲ ಬೇಕಾದರೂ ಪುಕ್ಕಟೆಯಾಗಿ ಹಾಕಬಹುದಾದ ಬೆಳಕು. ಒಂದು ಗಂಟೆ ಉರಿಯುತ್ತದೆ, ಆರಿದರೆ ಮತ್ತೆ ಹಾಕಿಕೊಳ್ಳಬಹುದು. ಮೂರನೆಯ ಮಟ್ಟದ ಇನ್ನೊಂದು ಮಂತ್ರ ಹದಿನೈದು ಜನರಿಗೆ ಒಂದು ದಿನಕ್ಕೆ ಸಾಕಾಗುವ ಅನ್ನ ನೀರು ಕೊಡುತ್ತದೆ. ಎಂಟು ಗಂಟೆ ಮಲಗಿ ಎದ್ದರೆ ಕಳೆದುಕೊಂಡ ಹಿಟ್ ಪಾಯಿಂಟುಗಳೆಲ್ಲ ವಾಪಸು. ಕೊನೆಗೆ, ಐನೂರು ಚಿನ್ನದ ನಾಣ್ಯ ಬೆಲೆಬಾಳುವ ವಜ್ರವೊಂದಿದ್ದರೆ ಸತ್ತು ಹತ್ತು ದಿನವಾಗಿರದ ದೇಹಕ್ಕೆ ಜೀವ ಬರುತ್ತದೆ.

ಇವನ್ನು ಒಟ್ಟಿಗೆ ಇಟ್ಟು ನೋಡಿ. ಹಸಿವು, ಕತ್ತಲೆ, ಗಾಯ, ಸಾವು. ಪ್ರಯಾಣದ ಕಥೆಯೊಂದು ಯಾವ ನಾಲ್ಕು ಕಾಲಿನ ಮೇಲೆ ನಿಂತಿದೆಯೋ ಆ ನಾಲ್ಕನ್ನೂ ಈ ಪುಸ್ತಕ ಒಂದೊಂದಾಗಿ ಕಳಚುತ್ತದೆ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಮಹಾವೀರರು ರಾಕ್ಷಸರೊಡನೆ ಸೆಣಸುವ ಕಥೆಗೆ ಬುತ್ತಿಯ ಲೆಕ್ಕ ಬೇಡ. ಆದರೆ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಮಳೆಯಲ್ಲಿ ನಡೆಯುವುದೇ ಕಥೆಯಾಗಬೇಕು ಎಂದು ಬಯಸಿದರೆ ಈ ಪುಸ್ತಕ ಸಹಾಯ ಮಾಡುವುದಿಲ್ಲ. ಬಯಸಿದ ಭಾರವನ್ನೇ ಅದು ಹೆಗಲಿನಿಂದ ಇಳಿಸಿಬಿಡುತ್ತದೆ.

ಮೊದಲು ಹೀಗಿರಲಿಲ್ಲ. 1974ರ ನಿಯಮದಲ್ಲಿ ಹೊಸ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ. ಪೂಜಾರಿಯ ಪಾತ್ರಕ್ಕೆ ಮೊದಲ ಮಟ್ಟದಲ್ಲಿ ಅದೂ ಇಲ್ಲ. ಹಾಕಿದ ಮಂತ್ರ ಮರೆತುಹೋಗುತ್ತದೆ, ಮತ್ತೆ ಓದಿ ನೆನಪಿಟ್ಟುಕೊಳ್ಳಬೇಕು ಎಂಬ ವಿಚಿತ್ರ ಏರ್ಪಾಡು ಜ್ಯಾಕ್ ವ್ಯಾನ್ಸ್ ಬರೆದ 'ದಿ ಡೈಯಿಂಗ್ ಅರ್ತ್' (1950) ಕಥೆಗಳಿಂದ ಬಂದದ್ದು. ಸೂರ್ಯ ಆರುತ್ತಿರುವ ಆ ಲೋಕದಲ್ಲಿ ಮಂತ್ರಗಳೂ ಅಳಿದುಳಿದ ಆಸ್ತಿ. ದೊಡ್ಡ ಮಾಂತ್ರಿಕನ ತಲೆಯಲ್ಲೂ ಒಂದು ಹೊತ್ತಿಗೆ ಹಿಡಿಯುವುದು ಬೆರಳೆಣಿಕೆಯಷ್ಟು. 1979ರಲ್ಲಿ ಮಾಸ್ಟರುಗಳಿಗಾಗಿ ಪ್ರಕಟಿಸಿದ ಪುಸ್ತಕದ ಕೊನೆಯಲ್ಲಿ ಗೈಗ್ಯಾಕ್ಸ್ ತನಗೆ ಪ್ರೇರಣೆ ಕೊಟ್ಟ ಲೇಖಕರ ಪಟ್ಟಿ ಕೊಟ್ಟ. ಅಪೆಂಡಿಕ್ಸ್ ಎನ್ ಎಂದೇ ಹೆಸರಾದ ಆ ಪಟ್ಟಿಯಲ್ಲಿ ವ್ಯಾನ್ಸ್ ಜೊತೆಗೆ ರಾಬರ್ಟ್ ಹೋವರ್ಡ್, ಫ್ರಿಟ್ಸ್ ಲೈಬರ್ ಇದ್ದಾರೆ. ಇವರ ನಾಯಕರು ಕತ್ತಿ ಹಿಡಿದವರು, ಕಳ್ಳರು. ಮಂತ್ರ ಅವರ ಕೈಯಲ್ಲಿಲ್ಲ, ಹೆಚ್ಚಾಗಿ ಎದುರಾಳಿಯ ಕೈಯಲ್ಲಿದೆ.

ಹಾಗಾಗಿ ಆಟವನ್ನು ಅದರ ಮೂಲ ಸಾಹಿತ್ಯದ ಕಡೆಗೆ ಎಳೆಯುವ ಪ್ರಯತ್ನ ಆಟದಷ್ಟೇ ಹಳೆಯದು. 1977ರಲ್ಲೇ 'ದಿ ಡ್ರ್ಯಾಗನ್' ಪತ್ರಿಕೆಯಲ್ಲಿ ಬಿಲ್ ಸೆಲಿಗ್‌ಮನ್ ಎಂಬವರು ಒಂದು ತುಂಟ ಲೇಖನ ಬರೆದರು. ಟೋಲ್ಕಿನ್ ಕಥೆಯಲ್ಲಿ ಗ್ಯಾಂಡಾಲ್ಫ್ ಮಾಡುವ ಮಂತ್ರಕಾರ್ಯಗಳನ್ನೆಲ್ಲ ಪಟ್ಟಿ ಮಾಡಿ, ಆಟದ ಲೆಕ್ಕದಲ್ಲಿ ಅವನು ಐದನೆಯ ಮಟ್ಟದ ಮಂತ್ರವಾದಿ ಅಷ್ಟೇ ಎಂದು ತೋರಿಸಿದರು. ಮುಂದೆ ಮೂರನೆಯ ಆವೃತ್ತಿಯ ಕಾಲದಲ್ಲಿ ಆಟಗಾರರೇ ಇ-6 ಎಂಬ ಮನೆ ನಿಯಮ ಕಂಡುಕೊಂಡರು: ಯಾವ ಪಾತ್ರವೂ ಆರನೆಯ ಮಟ್ಟ ದಾಟುವಂತಿಲ್ಲ, ಆಮೇಲೆ ಸಣ್ಣಪುಟ್ಟ ಕೌಶಲಗಳು ಮಾತ್ರ ಸೇರುತ್ತವೆ. ನೂರಾರು ಪುಟಗಳ ಪುಸ್ತಕವನ್ನು ಒಂದೇ ವಾಕ್ಯದಲ್ಲಿ ಬೇರೆ ಪ್ರಕಾರದ ಕಥೆಯಾಗಿಸುವ ಇಂಥ ನಿಯಮವನ್ನು ನಾನು ಒಳ್ಳೆಯ ವಿಮರ್ಶೆಯ ವಾಕ್ಯವನ್ನು ಮೆಚ್ಚುವಂತೆಯೇ ಮೆಚ್ಚುತ್ತೇನೆ. ಮನೆ ನಿಯಮ ಎಂದರೆ ಒಂದು ಓದು. "ಈ ಕೃತಿ ತಾನು ಹೇಳಿಕೊಂಡಂತೆ ಇಲ್ಲ, ಹೀಗಿದ್ದರೆ ಸರಿಹೋಗುತ್ತಿತ್ತು" ಎಂದು ಅದು ಹೇಳುತ್ತದೆ, ಹೇಳಿದ್ದನ್ನು ಆಡಿ ತೋರಿಸುತ್ತದೆ.

*

ನನ್ನ ಹನ್ನೊಂದು ಪುಟ ಇಂಥ ಓದಾಗಿರಲಿಲ್ಲ, ಬರೀ ನಿಷೇಧದ ಪಟ್ಟಿಯಾಗಿತ್ತು. ನಲವತ್ತಕ್ಕೂ ಹೆಚ್ಚು ಮಂತ್ರಗಳ ಮೇಲೆ ಗೆರೆ ಎಳೆದಿದ್ದೆ. ಮಾಸ್ಟರುಗಳ ಪುಸ್ತಕದಲ್ಲೇ ಒಂದು ಪರ್ಯಾಯವಾಗಿ ಕೊಟ್ಟಿರುವ ಕಠಿಣ ವಿಶ್ರಾಂತಿಯ ನಿಯಮವನ್ನು ಹಾಗೆಯೇ ಎತ್ತಿಕೊಂಡಿದ್ದೆ: ಸಣ್ಣ ವಿಶ್ರಾಂತಿಗೆ ಒಂದು ಗಂಟೆಯ ಬದಲು ಎಂಟು ಗಂಟೆ, ದೊಡ್ಡ ವಿಶ್ರಾಂತಿಗೆ ಎಂಟು ಗಂಟೆಯ ಬದಲು ಏಳು ದಿನ. ಗೆಳತಿ ವೈದ್ಯೆಯ ಪಾತ್ರ ಕೇಳಿದಾಗ "ಆಗಲಿ, ಆದರೆ ಮಂತ್ರ ಇಲ್ಲ, ಗಿಡಮೂಲಿಕೆ ಮಾತ್ರ" ಎಂದೆ. ಒಪ್ಪಿಕೊಂಡಳು.

ಮೂರನೆಯ ಭಾನುವಾರ ಅವರೆಲ್ಲ ಒಂದು ಕೋಟೆಯ ದ್ವಾರ ಕಾಯುತ್ತಿದ್ದರು. ರಾತ್ರಿ ನನ್ನ ಖಳನಾಯಕ, ಊರಿನಲ್ಲಿ ಉಳಿದಿರುವ ಒಬ್ಬನೇ ಮಾಂತ್ರಿಕ, ಬಂದ. ಮಂಜು ಕವಿಸಿದ. ಕಾವಲಿನವರೆಲ್ಲ ನಿದ್ದೆಗೆ ಬಿದ್ದರು ಎಂದು ನಾನು ವಿವರಿಸಿದೆ. ವಿರಳವಾದದ್ದು ಭಯಾನಕವಾಗಿಯೂ ಇರಬೇಕು ಎಂಬುದು ನನ್ನ ಲೆಕ್ಕ. ದಾಳ ಹಾಕಲಿಲ್ಲ, ಹಾಕುವ ಅಗತ್ಯ ಕಾಣಲಿಲ್ಲ. ಅವನು ಖೈದಿಯನ್ನು ಬಿಡಿಸಿಕೊಂಡು ಹೋದ. ಎಚ್ಚರವಾದಾಗ ಒಬ್ಬ ಕಾವಲುಗಾರ ಸಾಯುತ್ತಿದ್ದ. ವೈದ್ಯೆ ಪಟ್ಟಿ ಕಟ್ಟಿದಳು. ದಾಳ ಕೈಕೊಟ್ಟಿತು. ಅವನು ಸತ್ತ. ಆಗ ಅವಳು ಹೇಳಿದ್ದೇ ಮೊದಲು ಬರೆದ ಮಾತು.

ಅವಳು ಗುರುತಿಸಿದ್ದು ಇದನ್ನು. ಮೇಜಿನ ಸುತ್ತ ಐದು ಜನ ಕೂತಿದ್ದೇವೆ. ನಾಲ್ವರಿಗೆ ಮಳೆ, ಹಸಿವು, ಕೀವು ತುಂಬಿದ ಗಾಯ. ಐದನೆಯವನಿಗೆ, ಅಂದರೆ ನನಗೆ, ಯಾವ ಬೆಲೆಯೂ ಇಲ್ಲದ ಅಪಾರ ಶಕ್ತಿ. ಲೋಕದಲ್ಲಿ ಮಂತ್ರ ಕಡಿಮೆಯಾಗಿರಲಿಲ್ಲ. ಅದರ ಒಡೆತನ ಬದಲಾಗಿತ್ತು. ಭೂಮಿಯೆಲ್ಲ ಒಬ್ಬನದು, ಉಳಿದವರು ಗೇಣಿದಾರರು ಎಂಬಂತಹ ವ್ಯವಸ್ಥೆಗೆ ನಾನು ವಾಸ್ತವತೆ ಎಂಬ ಹೆಸರಿಟ್ಟಿದ್ದೆ.

ಈ ದೋಷ ನನ್ನಂಥ ಹವ್ಯಾಸಿಗಳದ್ದಷ್ಟೇ ಅಲ್ಲ. ಗ್ರೆಗ್ ಸ್ಟ್ಯಾಫರ್ಡ್ 1985ರಲ್ಲಿ ರೂಪಿಸಿದ 'ಪೆಂಡ್ರ್ಯಾಗನ್' ನಾನು ತುಂಬ ಗೌರವಿಸುವ ಆಟ. ಅದರಲ್ಲಿ ಆಟಗಾರರೆಲ್ಲ ಆರ್ಥರ್ ದೊರೆಯ ಕಾಲದ ನೈಟುಗಳು. ಮಂತ್ರ ಇರುವುದು ಮರ್ಲಿನ್‌ನಂಥವರ ಬಳಿ, ಎಂದರೆ ಮಾಸ್ಟರಿನ ಬಳಿ. ಆದರೆ ಸ್ಟ್ಯಾಫರ್ಡ್ ಕಿತ್ತುಕೊಂಡದ್ದಕ್ಕೆ ಪ್ರತಿಯಾಗಿ ಏನೋ ಕೊಟ್ಟ. ಕರುಣೆ ಮತ್ತು ಕ್ರೌರ್ಯ, ಧೈರ್ಯ ಮತ್ತು ಹೇಡಿತನ ಎಂಬಂಥ ಹದಿಮೂರು ಜೋಡಿ ಗುಣಗಳಿಗೆ ಅಂಕ ಕೊಟ್ಟು, ಪ್ರೀತಿ, ದ್ವೇಷ, ಸ್ವಾಮಿನಿಷ್ಠೆಗಳನ್ನು ದಾಳದಿಂದ ಪರೀಕ್ಷಿಸುವ ನಿಯಮ ಮಾಡಿದ. ಒಂದು ಸಾಹಸಕ್ಕೆ ಒಂದು ವರ್ಷ; ಚಳಿಗಾಲದಲ್ಲಿ ಜಮೀನಿನ ಫಸಲು, ಮದುವೆ, ಮಕ್ಕಳ ಲೆಕ್ಕ. ತಂದೆ ಸತ್ತರೆ ಆಟಗಾರ ಮಗನಾಗಿ ಮುಂದುವರಿಯುತ್ತಾನೆ. ಮಂತ್ರವಿಲ್ಲದ ಪಾತ್ರಕ್ಕೆ ಇಲ್ಲಿ ಆಸ್ತಿಯಿದೆ, ವಂಶವಿದೆ, ಹಟವಿದೆ. ಅದಕ್ಕೇ ಅಲ್ಲಿ ಒಡೆತನದ ಪ್ರಶ್ನೆ ಏಳುವುದು ಅಪರೂಪ. ನಾನು ಕಿತ್ತುಕೊಂಡದ್ದನ್ನು ಮಾತ್ರ ಕಲಿತಿದ್ದೆ.

ಇನ್ನೊಂದು ದಾರಿ ಮಂತ್ರವನ್ನು ಅಪಾಯಕಾರಿಯಾಗಿಸುವುದು. 2012ರ 'ಡಂಜನ್ ಕ್ರಾಲ್ ಕ್ಲಾಸಿಕ್ಸ್' ಅಪೆಂಡಿಕ್ಸ್ ಎನ್ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡ ಆಟ. ಅಲ್ಲಿ ಪ್ರತಿ ಮಂತ್ರಕ್ಕೂ ದಾಳ ಹಾಕಬೇಕು. ಬಲ ಸಾಲದಿದ್ದರೆ ಮಾಂತ್ರಿಕ ತನ್ನ ಮೈಶಕ್ತಿಯನ್ನೇ ಸುಟ್ಟುಕೊಳ್ಳಬಹುದು; ದಾಳ ಕೆಟ್ಟರೆ ಮೈ ವಿಕಾರವಾಗುತ್ತದೆ. ಓದಲು ಭಯಾನಕವಾಗಿದೆ. ಆದರೆ ಆಡಿ ನೋಡಿದಾಗ ನಮಗಾದ ಅನುಭವ ಬೇರೆ: ಮಂತ್ರವೇ ಮೇಜಿನ ಮೇಲಿನ ಅತಿ ಮೋಜಿನ ವಸ್ತುವಾಗಿಬಿಟ್ಟಿತು. ಮುಂದೇನಾಗುತ್ತದೋ ನೋಡೋಣ ಎಂಬ ಕುತೂಹಲಕ್ಕೇ ಎಲ್ಲರೂ ಮಂತ್ರ ಹಾಕತೊಡಗಿದರು. ಬೆಲೆಯನ್ನು ತೆರುವವನು ತಾನೇ ಆಗಿದ್ದರೆ ಅದು ಜೂಜು. ಜೂಜಿನ ಆಕರ್ಷಣೆ ಬೆಲೆ ಏರಿದಷ್ಟೂ ಏರುತ್ತದೆ.

ಇಲ್ಲಿಗೆ ಬಂದಾಗ ನನಗೆ ಪ್ರಶ್ನೆ ಬದಲಾಯಿತು. ಎಷ್ಟು ಮಂತ್ರ ಇರಬೇಕು ಎಂದು ಇಷ್ಟು ದಿನ ಕೇಳುತ್ತಿದ್ದೆ. ಅದರ ಬೆಲೆ ಯಾರು ತೆರುತ್ತಾರೆ ಎಂದು ಕೇಳಬೇಕಾಗಿತ್ತು.

*

ಹಾಗೆ ಕೇಳಿದ ಮೇಲೆ ಓದಿದ್ದ ಕಥೆಗಳೇ ಬೇರೆಯಾಗಿ ಕಂಡವು. ಟೋಲ್ಕಿನ್ ಕಾದಂಬರಿಯಲ್ಲಿ ಹಿಮದ ಕಣಿವೆಯಲ್ಲಿ ಗೆಳೆಯರೆಲ್ಲ ಸೆಟೆದುಕೊಳ್ಳುತ್ತಿರುವಾಗ ಗ್ಯಾಂಡಾಲ್ಫ್ ಒದ್ದೆ ಸೌದೆಗೆ ಮಂತ್ರದಿಂದ ಬೆಂಕಿ ಹಚ್ಚುತ್ತಾನೆ. ಸೌದೆಗೆ ಬೆಂಕಿ ಹಚ್ಚುವುದು ಆಟದ ಪುಸ್ತಕದಲ್ಲಿ ಲೆಕ್ಕಕ್ಕೂ ಬಾರದ ಸಣ್ಣ ಕೆಲಸ. ಕಾದಂಬರಿಯಲ್ಲಿ ಅವನು ಒಲ್ಲದ ಮನಸ್ಸಿನಿಂದಲೇ ಅದನ್ನು ಮಾಡುತ್ತಾನೆ, ಏಕೆಂದರೆ ನೋಡಬಲ್ಲ ಕಣ್ಣುಗಳಿಗೆಲ್ಲ ಆ ಬೆಂಕಿ ಅವನ ಇರವನ್ನು ಸಾರುತ್ತದೆ. ಅಪಾಯ ಅವನೊಬ್ಬನದಲ್ಲ, ಗುಂಪಿನದು. ಉರ್ಸುಲಾ ಲೆ ಗ್ವಿನ್ ಬರೆದ 'ಎ ವಿಜರ್ಡ್ ಆಫ್ ಅರ್ತ್‌ಸೀ' (1968) ಇನ್ನೂ ನಿಷ್ಠುರ. ಹುಡುಗ ಗೆಡ್ ಜಂಬಕ್ಕೆ ಬಿದ್ದು ಸತ್ತವರ ಲೋಕದಿಂದ ಒಬ್ಬಳನ್ನು ಕರೆಯುತ್ತಾನೆ. ತೆರೆದ ಬಿರುಕಿನಿಂದ ನೆರಳೊಂದು ಹೊರಬರುತ್ತದೆ. ಆ ಬಿರುಕನ್ನು ಮುಚ್ಚಲು ತನ್ನ ಶಕ್ತಿಯನ್ನೆಲ್ಲ ಸುರಿದು ಸಾಯುವವನು ಮುದುಕ ಗುರು ನೆಮರ್ಲ್. ಗೆಡ್‌ನ ಮುಖದ ಮೇಲೆ ಗಾಯದ ಗುರುತು ಉಳಿಯುತ್ತದೆ. ಆದರೆ ಮುಂದಿನ ಇಡೀ ಪುಸ್ತಕವನ್ನು ನಡೆಸುವುದು ಆ ಗುರುತಿಗಿಂತ ಹೆಚ್ಚಾಗಿ, ಬೇರೊಬ್ಬರು ತನ್ನ ಸಾಲ ತೀರಿಸಿದರು ಎಂಬ ಅರಿವು.

ನಮ್ಮದೇ ಒಂದು ಕಥೆ ಇದನ್ನು ಇನ್ನೂ ಸರಳವಾಗಿ ಹೇಳುತ್ತದೆ. ಹೂವಿನ ಮರವಾಗುವ ಹುಡುಗಿಯ ಜನಪದ ಕಥೆಯನ್ನು ಎ. ಕೆ. ರಾಮಾನುಜನ್ ಇಂಗ್ಲಿಷಿಗೆ ತಂದು ಲೋಕಕ್ಕೆ ಪರಿಚಯಿಸಿದರು. ಜಾನ್ ಆಡಮ್ಸ್ 2006ರಲ್ಲಿ ಅದನ್ನು ಆಪೆರಾ ಮಾಡಿದರು. ಆ ಕಥೆಯ ಮಂತ್ರವನ್ನು ಆಟದ ನಿಯಮದಂತೆ ಬರೆಯಬಹುದು. ಉಗುರು ತಾಗದಂತೆ ತಂದ ಎರಡು ಕೊಡ ನೀರು ಬೇಕು. ಒಂದನ್ನು ಸುರಿದರೆ ಹುಡುಗಿ ಮರವಾಗುತ್ತಾಳೆ. ಹೂವನ್ನು ನೋವಾಗದ ಹಾಗೆ ಕೊಯ್ಯಬೇಕು, ಕೊಂಬೆ ಮುರಿಯಬಾರದು. ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿ. ಇದರಲ್ಲಿ ಅವಳು ತಾನಾಗಿ ಮಾಡುವಂಥದ್ದು ಏನೂ ಇಲ್ಲ. ನೀರು ಸುರಿಯುವ ಕೈ ಇನ್ನೊಬ್ಬರದು. ಅಕ್ಕ ಸುರಿದಾಗ ಅದು ಬಡತನದ ಮನೆಗೆ ಅನ್ನ ತರುತ್ತದೆ. ಗಂಡನ ತಂಗಿ ಗೆಳತಿಯರೊಡನೆ ಚೆಲ್ಲಾಟಕ್ಕೆ ಸುರಿದು, ಕೊಂಬೆಗಳನ್ನು ಮುರಿದು, ಉಳಿದ ನೀರನ್ನು ಬೇಕಾಬಿಟ್ಟಿ ಚೆಲ್ಲಿ ಹೋದಾಗ ಅವಳು ಮರವೂ ಅಲ್ಲದೆ ಮನುಷ್ಯಳೂ ಅಲ್ಲದೆ ಕೈಕಾಲಿಲ್ಲದ ಮೊಂಡಾಗುತ್ತಾಳೆ. ಕಥೆಯ ಉದ್ದಕ್ಕೂ ಮಂತ್ರ ಒಂದೇ. ಬದಲಾಗುವುದು ಕೈ.

ಮಂತ್ರ ವಿರಳ ಅನ್ನಿಸುವುದು ಅದರ ಎಣಿಕೆಯಿಂದಲ್ಲ ಎಂದು ನನಗೆ ಹೊಳೆದದ್ದು ಇಲ್ಲಿ. ಅದು ಸಂಬಂಧಗಳ ನಡುವೆ ಸಿಕ್ಕಿಕೊಂಡಿದ್ದರೆ ದಿನವೂ ನಡೆದರೂ ದುಬಾರಿಯಾಗಿಯೇ ಇರುತ್ತದೆ. 1991ರ 'ಡಾರ್ಕ್ ಸನ್' ಎಂಬ ಆಟದ ಲೋಕ ಇದನ್ನು ಊಹಿಸಿತ್ತು. ಅಲ್ಲಿ ಮಂತ್ರಕ್ಕೆ ಬೇಕಾದ ಶಕ್ತಿಯನ್ನು ಸುತ್ತಲಿನ ಗಿಡಮರಗಳಿಂದ ಹೀರಬೇಕು. ಎಚ್ಚರ ತಪ್ಪಿದರೆ ನೆಲ ಬೂದಿಯಾಗುತ್ತದೆ. ಹಾಗೆ ಬೂದಿಯಾಗಿ ಆಗಿಯೇ ಆ ಲೋಕ ಮರುಭೂಮಿಯಾಗಿದೆ. ಆದರೆ ಗಿಡಕ್ಕೆ ಹೆಸರಿಲ್ಲ. ಹೆಸರಿಲ್ಲದವರ ಮೇಲೆ ಬಿದ್ದ ಬೆಲೆಯನ್ನು ಆಟಗಾರರು ಎರಡನೆಯ ವಾರಕ್ಕೆ ಮರೆಯುತ್ತಾರೆ, ಪತ್ರಿಕೆ ಓದುವ ನಾವು ಮರೆಯುವ ಹಾಗೆ.

*

ನಾಲ್ಕು ತಿಂಗಳ ನಂತರ ಎಲ್ಲರಿಗೂ ಫೋನು ಮಾಡಿ ಕರೆದೆ. ಈ ಸಲ ನಿಯಮ ಒಂದು ಹಾಳೆಯ ಒಂದು ಮಗ್ಗುಲಿಗೆ ಮುಗಿದಿತ್ತು.

ಮಂತ್ರಗಳ ಮೇಲೆ ಗೆರೆ ಎಳೆಯಲಿಲ್ಲ. ಮೂರನೆಯ ಮಟ್ಟಕ್ಕಿಂತ ಮೇಲಿನದು ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ ಎಂದಷ್ಟೇ ಬರೆದೆ. ಸತ್ತವರನ್ನು ಎಬ್ಬಿಸುವ ಮಂತ್ರಗಳನ್ನು ಮಾತ್ರ ಎಲ್ಲರ ಒಪ್ಪಿಗೆಯಿಂದ ತೆಗೆದೆವು. ಉಳಿದದ್ದಕ್ಕೆ ದಾಳ. ಮೊದಲ ಮಟ್ಟದ ಮಂತ್ರಕ್ಕೆ ಆರು ಮುಖದ ಎರಡು ದಾಳ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ನಾಲ್ಕು. ಮಂತ್ರ ಖಂಡಿತ ಫಲಿಸುತ್ತದೆ. ಆದರೆ ಯಾವ ಎರಡು ದಾಳದಲ್ಲಾದರೂ ಒಂದೇ ಸಂಖ್ಯೆ ಬಿದ್ದರೆ ಬೆಲೆ ತೆರಬೇಕು. ಎರಡು ದಾಳಕ್ಕೆ ಆ ಸಾಧ್ಯತೆ 36ರಲ್ಲಿ 6. ಮೂರಕ್ಕೆ 216ರಲ್ಲಿ 96, ಸುಮಾರು ಶೇ. 44. ನಾಲ್ಕಕ್ಕೆ 1296ರಲ್ಲಿ 936, ಶೇ. 72. ಒಂದೊಂದೇ ದಾಳ ಸೇರಿದರೂ ಏರಿಕೆ ಎಷ್ಟು ಕಡಿದು ನೋಡಿ. ಕೋಷ್ಟಕ ಬೇಡ, ಪುಸ್ತಕ ತಿರುವಿಹಾಕುವುದು ಬೇಡ. ಜೋಡಿ ಬಿದ್ದದ್ದು ಮೇಜಿನ ಎಲ್ಲರ ಕಣ್ಣಿಗೂ ಒಟ್ಟಿಗೆ ಕಾಣುತ್ತದೆ.

ಬೆಲೆಯ ನಿಯಮ ಹೀಗೆ: ಅದು ಮಂತ್ರ ಹಾಕಿದವರ ಮೇಲೆ ಬೀಳುವುದಿಲ್ಲ. ಕಥೆಯಲ್ಲಿ ಈಗಾಗಲೇ ಹೆಸರು, ಮುಖ ಇರುವ ಇನ್ನೊಬ್ಬರ ಮೇಲೆ ಬೀಳುತ್ತದೆ. ಯಾರ ಮೇಲೆ, ಏನು ಎಂಬುದನ್ನು ಹೇಳಬೇಕಾದವರು ಮಂತ್ರ ಹಾಕಿದ ಆಟಗಾರರೇ. ಮಾಸ್ಟರ್ ಬಾಯಿ ಹಾಕುವಂತಿಲ್ಲ. ಮುಂಚೆಯೇ ಹೋಗಿ ಆ ವ್ಯಕ್ತಿಯ ಒಪ್ಪಿಗೆ ಕೇಳಿ ಪಡೆದಿದ್ದರೆ ಒಂದು ದಾಳ ಕಡಿಮೆ. ಇದರ ಜೊತೆ ವಿಶ್ರಾಂತಿಯ ನಿಯಮ: ಏಳು ದಿನದ ವಿಶ್ರಾಂತಿ ಯಾರಾದರೂ ಜಾಗ ಕೊಟ್ಟ ಮನೆಯಲ್ಲಿ ಮಾತ್ರ. ಕೊನೆಯದು ಗೆಳತಿಯ ಮಾತಿಗೆ ನೇರ ಉತ್ತರ. ಮಾಸ್ಟರಿನ ಪಾತ್ರಗಳು ಮಂತ್ರ ಹಾಕಿದರೂ ಅವೇ ದಾಳ, ಪರದೆಯ ಮರೆಯಲ್ಲಲ್ಲ, ಎಲ್ಲರೆದುರಿಗೆ. ಖಳನಾಯಕನಿಗೂ ಹೆಂಡತಿ, ತಮ್ಮ, ಆಳು ಇರಬೇಕು. ಬೆಲೆ ಅವರ ಮೇಲೆ ಬೀಳುತ್ತದೆ.

ಒಂದು ನಿಯಮ ಬದಲಾಯಿಸಿದರೆ ಕಥೆಯ ಬೇರೆಲ್ಲೋ ಕೀಲು ಕಿರುಗುಟ್ಟುತ್ತದೆ ಎಂಬುದು ಪಂಪನನ್ನು ಓದಿದವರಿಗೆ ಗೊತ್ತು. 'ವಿಕ್ರಮಾರ್ಜುನ ವಿಜಯ'ದಲ್ಲಿ ಅವನು ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಆದರೆ ಮುಡಿಯ ಪ್ರತಿಜ್ಞೆ, ದುಶ್ಶಾಸನನ ವಧೆ ಭೀಮನ ಪಾಲಿಗೇ ಉಳಿದವು. ನಮ್ಮಲ್ಲೂ ಕೀಲು ಕಿರುಗುಟ್ಟಿತು. ಮೊದಲ ಮೂರು ಭಾನುವಾರ ಒಬ್ಬರೂ ಮಂತ್ರ ಹಾಕಲಿಲ್ಲ. ಬೆಲೆಯ ಭಯಕ್ಕೆ ಎಲ್ಲರೂ ಕೈಕಟ್ಟಿ ಕೂತರು. ಇದು ಬೆದರಿಕೆಯ ಇನ್ನೊಂದು ರೂಪ ಅಷ್ಟೇ ಏನೋ ಎಂದು ನನಗೇ ಅನುಮಾನ ಬಂತು. ಖಳನಾಯಕ ಮೊದಲು ಹಾಕಿದ. ನನ್ನ ದಾಳದಲ್ಲಿ ಎರಡು ಐದು ಬಿದ್ದವು. ಎಲ್ಲರೆದುರು ಅವನ ತಮ್ಮನ ಕಣ್ಣು ಹೋಯಿತು ಎಂದು ಹೇಳಬೇಕಾಯಿತು. ಆ ತಮ್ಮನನ್ನು ಮುಂದಿನ ಕಥೆಗೆಂದು ಜೋಪಾನವಾಗಿ ಇಟ್ಟುಕೊಂಡಿದ್ದೆ. ಎದುರು ಕೂತವಳು ಏನೂ ಹೇಳಲಿಲ್ಲ, ಸ್ವಲ್ಪ ನಕ್ಕಳು.

ನಾಲ್ಕನೆಯ ಭಾನುವಾರ ಅವಳ ವೈದ್ಯೆಯ ಎದುರು ಜ್ವರದಿಂದ ಸಾಯುತ್ತಿದ್ದ ಒಬ್ಬ ಹುಡುಗ. ವಾಸಿ ಮಾಡುವ ಮಂತ್ರ ಎರಡನೆಯ ಮಟ್ಟದ್ದು. ಒಪ್ಪಿಗೆ ಕೇಳಲು ಹೊತ್ತಿಲ್ಲ, ಹಾಗಾಗಿ ಮೂರು ದಾಳ. ನಾಲ್ಕು, ನಾಲ್ಕು, ಒಂದು. ಹುಡುಗ ಕಣ್ಣು ಬಿಟ್ಟ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆ ಊರಿನಲ್ಲಿ ಅವರಿಗೆ ಹೆಸರು ಗೊತ್ತಿದ್ದವರು ಮೂವರೇ. ಕೊನೆಗೆ "ನಮಗೆ ಜಾಗ ಕೊಟ್ಟಿದ್ದಾಳಲ್ಲ ಆ ಅಜ್ಜಿ, ಅವಳ ಬಾವಿ ನೀರು ಉಪ್ಪಾಯ್ತು" ಅಂದಳು.

ಆ ಸಂಜೆ ಉಳಿದ ಎರಡು ಗಂಟೆ ಕಾಳಗವಿಲ್ಲ, ಮಂತ್ರವಿಲ್ಲ. ನಾಲ್ಕು ಜನ ಸೇರಿ ಅಜ್ಜಿ ಏಳುವುದಕ್ಕೆ ಮುಂಚೆ ಹಳ್ಳದಿಂದ ನೀರು ತಂದು ಹಂಡೆ ತುಂಬಿಸಿದರು. ದಿನಕ್ಕೆ ಎಷ್ಟು ಕೊಡ ಬೇಕು, ಯಾರ ಸರದಿ ಯಾವಾಗ ಎಂದು ಚೀಟಿಯಲ್ಲಿ ಬರೆದುಕೊಂಡರು. ಬೆನ್ನಟ್ಟಬೇಕಾಗಿದ್ದ ಶತ್ರು ತಪ್ಪಿಸಿಕೊಂಡು ಹೋಗುತ್ತಿದ್ದಾನೆ ಎಂದು ನಾನು ನೆನಪಿಸಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ. ಮುಂದಿನ ವಾರ ಅವಳು ಅಜ್ಜಿಗೆ ನಿಜ ಹೇಳಿದಳು. ಅಜ್ಜಿಯಾಗಿ ಉತ್ತರ ಕೊಡಬೇಕಾದವನು ನಾನು. ಕ್ಷಮಿಸಬೇಕೋ ಬೇಡವೋ ಎಂಬುದಕ್ಕೆ ನನ್ನ ಹಾಳೆಯಲ್ಲಿ ನಿಯಮವಿರಲಿಲ್ಲ. "ನನ್ನ ಕೇಳಿದ್ರೆ ಬೇಡ ಅಂತಿದ್ನಾ?" ಎಂಬ ಮಾತು ಬಾಯಿಂದ ಬಂತು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ.

ಈ ನಿಯಮಗಳು ಎಲ್ಲ ಮೇಜಿಗೂ ಒಗ್ಗುತ್ತವೆ ಎಂದಲ್ಲ. ರಾಕ್ಷಸರ ಗುಹೆಗೆ ನುಗ್ಗಿ ಚಿನ್ನ ತರುವ ಖುಷಿಗೆ ಇವು ಅಡ್ಡಿ. ದಿನಕ್ಕೆ ಎಂಟು ಗಂಟೆ ಕಚೇರಿಯಲ್ಲಿ ಇತರರ ಬೆಲೆ ತೆತ್ತು ಬಂದವರಿಗೆ ಸಂಜೆಯೂ ಅದೇ ಬೇಡ ಅನ್ನಿಸಿದರೆ ತಪ್ಪಿಲ್ಲ. ಬೆಲೆ ಹೇಳಲು ತೋಚದೆ ಒದ್ದಾಡುವ ಸಂಕೋಚದ ಆಟಗಾರರಿಗೂ ಇದು ಕಷ್ಟ; ನಮ್ಮಲ್ಲಿ ಒಬ್ಬನಿಗೆ ಪಕ್ಕದವರ ಸಲಹೆ ಕೇಳಬಹುದು ಎಂಬ ಸಡಿಲಿಕೆ ಕೊಡಬೇಕಾಯಿತು. ಆದರೆ ಮಂತ್ರ ವಿರಳವಾದ ಲೋಕ ಬೇಕು ಎನ್ನುವವರು ಮಂತ್ರಗಳ ಪಟ್ಟಿಗೆ ಕೆಂಪು ಪೆನ್ನು ಇಡುವ ಮೊದಲು, ಕಿತ್ತುಕೊಂಡದ್ದು ಹೋಗಿ ಸೇರುವುದು ಯಾರ ಕಿಸೆಗೆ ಎಂದು ನೋಡಲಿ. ನನ್ನ ಮೊದಲ ಹನ್ನೊಂದು ಪುಟಗಳಲ್ಲಿ ಮಾಸ್ಟರ್ ಏನು ಮಾಡಬಾರದು ಎಂಬ ಒಂದು ಸಾಲೂ ಇರಲಿಲ್ಲ.

ಈಗ ಮೇಜಿನ ಆ ತುದಿಯಲ್ಲಿ ಗೆಳತಿ ಕೂರುತ್ತಾಳೆ. ಹಾಳೆ ಅದೇ, ಮಾಸ್ಟರ್ ಅವಳು. ನಾನು ಈ ತುದಿಯಲ್ಲಿ ಒಬ್ಬ ಬಡ ಮಾಂತ್ರಿಕ. ನನಗೆ ಗೊತ್ತಿರುವುದು ಮೂರನೆಯ ಮಟ್ಟದ ಒಂದೇ ಒಂದು ಮಂತ್ರ, ನಾಲ್ಕು ದಾಳದ್ದು. ಐದು ವಾರವಾಯಿತು, ಇನ್ನೂ ಹಾಕಿಲ್ಲ. ಹಾಕಲೇಬೇಕಾದ ಹೊತ್ತು ಎರಡು ಸಲ ಬಂದಿತ್ತು. ದಾಳ ಕೈಗೆ ತೆಗೆದುಕೊಂಡೆ. ಯಾರ ಹೆಸರು ಹೇಳಲಿ ಎಂದು ತೋಚದೆ ಕೆಳಗಿಟ್ಟೆ.